ಶ್ಯಾವಿಗೆ ಒತ್ತಿದ ಸಾಹೇಬರು

ಒಂದು ಗುಳಿಗೆ ನುಂಗದೆ, ಒಂದು ಸೂಜಿ ಚುಚ್ಚಿಸಿಕೊಳ್ಳದೆ ಉದ್ದೀಪನ ಮದ್ದಿನ ಕೇಸಿನಲ್ಲಿ ಸಿಕ್ಕಿಬಿದ್ದವಳು ನಾನು. ಈಗಲೂ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಪರಿಚಯದವರು ಸಿಕ್ಕಿ, ಕಣ್ಣು ಕಿರಿದು ಮಾಡಿಕೊಂಡು, "ಅದೇನೋ ಮಾತ್ರೆ ವಿಷ್ಯ ಆಗಿತ್ತಲ್ಲ?" ಎಂದರೆ ಮೈಯೆಲ್ಲಾ ಉರಿಯುತ್ತದೆ. ಮಾತ್ರೆಯಲ್ಲ ಕಣ್ರೀ, ಶ್ಯಾವಿಗೆ ಎನ್ನುತ್ತೇನೆ. ಅವರು ಕಣ್ಣನ್ನು ಇನ್ನೂ ಕಿರಿದು ಮಾಡುತ್ತಾರೆ. ಆಮೇಲೆ ಇಡೀ ಕಥೆ ಹೇಳಬೇಕು, ಅಷ್ಟರಲ್ಲಿ ನನ್ನ ಬಸ್ಸು ಹೋಗಿರುತ್ತದೆ. ಅದಕ್ಕೇ ಒಂದು ಸಲ ಬರೆದು ಬಿಸಾಕಿಬಿಡೋಣ ಎಂದು ಕೂತಿದ್ದೇನೆ.

ನಮ್ಮದು ಹಂಗಳ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರು. ಅಮ್ಮ ಮನೆ, ಹಸು, ಅಪ್ಪ, ನಾನು ಎಲ್ಲವನ್ನೂ ಒಂದೇ ಗದರಿಕೆಯಲ್ಲಿ ನೋಡಿಕೊಳ್ಳುವವಳು. ನಾನು ಸೈಕಲ್ ತುಳಿಯುವವಳು. ಹೈಸ್ಕೂಲಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕಿದ್ದು ಶುರು, ಆಮೇಲೆ ಅದೇ ಚಟವಾಯಿತು. ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಹತ್ತಿಕೊಂಡು ಹೋದೆ. ಬೆಳಿಗ್ಗೆ ಬಂಡೀಪುರದ ಗೇಟಿನವರೆಗೆ, ಸಂಜೆ ತೆರಕಣಾಂಬಿ ಕಡೆಗೆ. ಕೇರಳದ ಲಾರಿ ಡ್ರೈವರುಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಮಲಯಾಳದಲ್ಲಿ ಏನೋ ಕೂಗುತ್ತಿದ್ದರು. ಬೈದರೋ ಹೊಗಳಿದರೋ ಗೊತ್ತಿಲ್ಲ, ಹೊಗಳಿದರು ಎಂದೇ ಇಟ್ಟುಕೊಂಡಿದ್ದೇನೆ.

ನಮ್ಮ ಬೀದಿಯವರಿಗೆ ನನ್ನ ಸೈಕಲ್ಲಿನ ಬಗ್ಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಚಡ್ಡಿಯ ಬಗ್ಗೆ. ರೇಸಿನವರು ಹಾಕುವ, ತೊಡೆಗೆ ಅಂಟಿಕೊಳ್ಳುವ ಚಡ್ಡಿ. ಅದನ್ನು ಹಾಕಿಕೊಂಡು ಬೀದಿ ದಾಟುವಾಗ ಜಗುಲಿಯ ಮೇಲಿದ್ದ ಗಂಡಸರು ಆಕಾಶ ನೋಡುತ್ತಿದ್ದರು, ಹೆಂಗಸರು ನನ್ನ ಅಮ್ಮನನ್ನು ನೋಡುತ್ತಿದ್ದರು. ಬೀದಿಯ ತಿರುವಿನಲ್ಲಿ ಮೊದಲು ಸಿಗುವ ಮನೆಯ ಮುದುಕಿಯನ್ನು ಎಲ್ಲರೂ ಮೂಲೆಮನೆ ಅವ್ವ ಎನ್ನುತ್ತಿದ್ದೆವು. ಅವರು ಮಾತ್ರ ಬಾಯಿ ಬಿಟ್ಟೇ ಹೇಳುತ್ತಿದ್ದರು: "ಲೇ ಅಮ್ಮಿ, ಅದ್ರ ಮ್ಯಾಲೆ ಒಂದ್ ಲಂಗ ಆಕ್ಕಂಡ್ರೆ ಗಾಳಿ ಏನ್ ಜಗಳಕ್ ಬಂದದಾ?" ಬರುತ್ತದೆ ಅವ್ವ, ಗಾಳಿಯೇ ನನ್ನ ದೊಡ್ಡ ಶತ್ರು ಎಂದರೆ, "ಮಾತ್ಗೇನ್ ಕಮ್ಮಿ ಇಲ್ಲ ಬುಡು" ಎಂದು ಕೈಗೆ ಎರಡು ಬಾಳೆಹಣ್ಣು ತುರುಕಿ ಕಳಿಸುತ್ತಿದ್ದರು.

ರಾಷ್ಟ್ರೀಯ ಶಿಬಿರದ ಆಯ್ಕೆಗೆ ಹೆಸರು ಬಂತು. ಅದರ ಹಿಂದೆಯೇ ಮದ್ದು ತಡೆಯುವ ಸಂಸ್ಥೆಯವರ ಪಟ್ಟಿಗೂ ನನ್ನ ಹೆಸರು ಸೇರಿತು. ಮೊದಮೊದಲು ಹೆಮ್ಮೆ. ದಿಲ್ಲಿಯವರು ನನ್ನ ಮೂತ್ರಕ್ಕೆ ಕಾಯುತ್ತಿದ್ದಾರೆ ಎಂದರೆ ಸಾಮಾನ್ಯವೇ! ನಿಯಮ ಓದಿದ ಮೇಲೆ ಹೆಮ್ಮೆ ಇಳಿಯಿತು. ದಿನಾ ಯಾವುದಾದರೂ ಒಂದು ಗಂಟೆ ನಾನು ಎಲ್ಲಿರುತ್ತೇನೆಂದು ಫೋನಿನ ಆ್ಯಪ್‌ನಲ್ಲಿ ಮುಂಚೆಯೇ ತಿಳಿಸಬೇಕು. ಆ ಗಂಟೆಯಲ್ಲಿ ಅವರು ಹೇಳದೆ ಕೇಳದೆ ಬರಬಹುದು. ಬಂದಾಗ ನಾನು ಅಲ್ಲಿ ಸಿಗಬೇಕು, ಅವರ ಕಡೆಯ ಹೆಂಗಸೊಬ್ಬರ ಕಣ್ಣೆದುರಿಗೇ ಮೂತ್ರ ಕೊಡಬೇಕು. ಸಿಗದಿದ್ದರೆ ಒಂದು ಗೈರು. ವರ್ಷದೊಳಗೆ ಮೂರು ಗೈರಾದರೆ, ಮದ್ದು ತಿಂದವರ ಸಾಲಿನಲ್ಲೇ ನಿಲ್ಲಿಸಿ ಎರಡು ವರ್ಷ ಸೈಕಲ್ಲಿನಿಂದ ಇಳಿಸುತ್ತಾರೆ.

"ಅನ್ಯಾಯ ಅಲ್ವಾ ಅಪ್ಪ?" ಎಂದೆ. ಅಪ್ಪ ಚೀಲದಿಂದ ಟಿಕೆಟ್ ಮಷೀನು ತೆಗೆದು ಚಾರ್ಜಿಗೆ ಹಾಕುತ್ತಾ, "ಪ್ಯಾಸೆಂಜರ್ ಟಿಕೆಟ್ ತಗಳ್ದೆ ಮೂಲೇಲಿ ಮಲಗಿದ್ರೂ ಮೆಮೋ ನಂಗೇಯ. ಚೆಕಿಂಗ್ ಅಂದ್ರೆ ಅಂಗೇ ಕಣಮ್ಮಿ" ಎಂದರು. ಅವರಿಗೆ ಲೋಕದ ಎಲ್ಲ ನ್ಯಾಯವೂ ಗುಂಡ್ಲುಪೇಟೆ ಡಿಪೋದಲ್ಲೇ ಮುಗಿಯುತ್ತದೆ.

ಮೊದಲ ಗೈರು ನೆಟ್‌ವರ್ಕಿನಿಂದ ಬಂತು. ರೇಸಿಗೆಂದು ಹೊರಟಿದ್ದೆ, ಜಾಗ ಬದಲಾಯಿಸಿ ಆ್ಯಪ್‌ನಲ್ಲಿ ಒತ್ತಿದೆ. ಕಾಡಿನಂಚಿನಲ್ಲಿ ನಮ್ಮ ಫೋನು ತಾನು ಯಾವ ರಾಜ್ಯದಲ್ಲಿದ್ದೇನೆಂದು ತನಗೇ ತಿಳಿಯದೆ ಒದ್ದಾಡುತ್ತದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು, ನಾನು ಆಗಿಹೋಯಿತು ಎಂದುಕೊಂಡೆ. ಆಗಿರಲಿಲ್ಲ. ಎರಡನೆಯದು ಚಂದಕವಾಡಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿ, ಹೋಳಿಗೆ ತಿಂದು ಅಲ್ಲೇ ಮಲಗಿಬಿಟ್ಟಿದ್ದು. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ, ಹೋಳಿಗೆಯನ್ನೂ ಸಹ.

ಆಮೇಲೆ ನಾನು ನಡುಗಿ ಹೋದೆ. ಆಯ್ಕೆಯ ಟ್ರಯಲ್ಸ್ ಹತ್ತಿರ ಬರುತ್ತಿತ್ತು, ವಯಸ್ಸು ಇಪ್ಪತ್ತಾರು ದಾಟಿತ್ತು. ಎರಡು ವರ್ಷ ಕಳೆದು ವಾಪಸ್ಸು ಬಂದರೆ ನನ್ನ ಕಾಲನ್ನು ಯಾರು ಕೇಳುತ್ತಾರೆ? ಆದ್ದರಿಂದ ಬೆಳಗಿನ ಆರರಿಂದ ಏಳು ಎಂದು ಗಂಟೆ ಕಟ್ಟಿಕೊಂಡು, ಆ ಹೊತ್ತಿನಲ್ಲಿ ಮನೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಹಿತ್ತಿಲಿನ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ರೋಲರ್ ಹಾಕಿಕೊಂಡು, ಅದರ ಮೇಲೆ ಸೈಕಲ್ ನಿಲ್ಲಿಸಿ, ನಿಂತಲ್ಲೇ ಬೆವರು ಸುರಿಸುತ್ತಿದ್ದೆ. ಯಮ ಬಂದರೂ ಮನೆಯಲ್ಲೇ ಸಿಗುತ್ತೇನೆ ಎಂದು ಧೈರ್ಯವಾಗಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೆಣ್ಣು ನೋಡಲು ಬರುವ ಮುಂಚೆ ಗಂಡಿನ ಕಡೆಯವರು ಗುಟ್ಟಾಗಿ ಇಬ್ಬರನ್ನು ಊರಿಗೆ ಕಳಿಸುತ್ತಾರೆ. ಅವರು ಹೆಣ್ಣಿನ ಮನೆಗೆ ಹೋಗುವುದಿಲ್ಲ. ಬೀದಿಯ ಬಾಯಲ್ಲಿ ನಿಂತು, ಯಾರು ಎತ್ತ ಎಂದು ಹೇಳದೆ, ಅಕ್ಕಪಕ್ಕದವರ ಹತ್ತಿರ ವಿಚಾರಿಸುತ್ತಾರೆ: ಹುಡುಗಿ ಹೆಂಗೆ, ಎಷ್ಟೊತ್ತಿಗೆ ಏಳುತ್ತಾಳೆ, ಮನೇಲಿ ಇರ್ತಾಳಾ, ಅಲೀತಾಳಾ. ನಮ್ಮ ಬೀದಿಯಲ್ಲಿ ಅವರಿಗೆ ಮೊದಲು ಸಿಗುವುದು ಮೂಲೆಮನೆ ಅವ್ವ. ಸಿಕ್ಕರೆ ಮುಗಿಯಿತು. ಅವರ ಬಾಯಲ್ಲಿ ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲ ಕೋಳಿ ಕೂಗುವ ಮುಂಚೆ ಏಳುವವರು, ತಲೆ ಎತ್ತದವರು, ಸಾರಿಗೆ ಉಪ್ಪು ಹೆಚ್ಚು ಹಾಕದವರು. ಬಂದವರು ಎದ್ದು ಹೆಣ್ಣಿನ ಮನೆಯತ್ತ ಇಣುಕದಂತೆ ಕೂರಿಸಿ, ಒತ್ತು ಶ್ಯಾವಿಗೆ ಮಾಡಿ ಬಡಿಸುತ್ತಿದ್ದರು. ಅಕ್ಕಿ ಹಿಟ್ಟಿನ ಉಂಡೆ ಬೇಯಬೇಕು, ಒರಳಿಗೆ ಹಾಕಿ ಒತ್ತಬೇಕು, ಕಾಯಿಹಾಲು ತೆಗೆಯಬೇಕು. ಅಷ್ಟರಲ್ಲಿ ಹಿತ್ತಿಲಿನಿಂದ ಸುದ್ದಿ ಹೋಗಿ, ಹೆಣ್ಣಿನ ಮನೆಯವರು ಗುಡಿಸಿ ಸಾರಿಸಿ ಸಜ್ಜಾಗಿರುತ್ತಿದ್ದರು. ಬೀದಿಯ ಅರ್ಧ ಮದುವೆಗಳು ಆ ಶ್ಯಾವಿಗೆಯಲ್ಲೇ ನಿಂತಿದ್ದವು.

ಒಂದು ಬೆಳಿಗ್ಗೆ ನಾನು ರೋಲರ್ ಮೇಲೆ ತುಳಿಯುತ್ತಿದ್ದೆ. ಮೂಲೆಮನೆ ಅವ್ವನ ಸೊಸೆ ಹಿತ್ತಿಲಿನಿಂದ ಓಡಿಬಂದು ಅಮ್ಮನ ಕಿವಿಯಲ್ಲಿ ಏನೋ ಊದಿದಳು. ಅಮ್ಮ ಬಂದವಳೇ ಹಿಂದಿನ ಚಕ್ರ ಹಿಡಿದು ನಿಲ್ಲಿಸಿದಳು.

"ಇಳಿ. ಮೈಸೂರ್ ಕಡೆಯೋರು ವಿಚಾರ್ಸಕೆ ಬಂದವ್ರಂತೆ. ಅವ್ವ ನೀನು ಉಮ್ಮತ್ತೂರ್ಗೆ ಓಗಿದ್ದೀಯೆ ಅಂತ ಯೋಳ್ಬುಟ್ಟವ್ರೆ. ಉಸಿರೆತ್ಬೇಡ."

"ನಂಗ್ ಮದ್ವೆ ಬ್ಯಾಡ ಅಂದಿದ್ನಲ್ಲಾ!"

"ಮದ್ವೆ ಬ್ಯಾಡ ಅನ್ನಕಾದ್ರೂ ಮೈಮ್ಯಾಲೆ ಸೀರೆ ಬೇಕು. ಉಟ್ಕೊ."

ಮುಂಬಾಗಿಲು ಹಾಕಿ ಅಗುಳಿ ಜಡಿದಳು, ದೀಪ ಆರಿಸಿದಳು. ಒಂದು ವೇಳೆ ಅವರು ನುಗ್ಗಿಯೇ ಬಂದರೆ ಎಂದು ನನಗೆ ಮುಖ ತೊಳೆಸಿ, ಮೈಸೂರು ಸಿಲ್ಕು ಸುತ್ತಿ, ಕತ್ತಲಲ್ಲಿ ಕೂರಿಸಿದಳು. ಕೊಟ್ಟಿಗೆಯ ಹಸು ಒಂದು ಸಲ ಅಂಬಾ ಎಂದಿತು, ಅದನ್ನೂ ಗದರಿದಳು. ಬೆವರು ಆರದ ಮೈಗೆ ರೇಷ್ಮೆ ಅಂಟಿಕೊಂಡು ನಾನು ಆ ಗಂಡನ್ನು, ಅವನ ಸೋದರಮಾವನನ್ನು, ಅವನ ಇಡೀ ವಂಶವನ್ನು ಬೈದುಕೊಂಡು ಕೂತಿದ್ದೆ. ಏಳು ಗಂಟೆ ದಾಟಿದ ಮೇಲೆ ಸುದ್ದಿ ಬಂತು: ಬಂದವರು ಹೊರಟುಹೋದರು, ಇತ್ತ ಬರಲೇ ಇಲ್ಲ. ಅಬ್ಬಾ, ಬದುಕಿದೆ ಎಂದು ಸೀರೆ ಕಿತ್ತೆಸೆದೆ. ಎಷ್ಟು ಖುಷಿಯಾಯಿತೆಂದರೆ, ಅಂದು ಬಂಡೀಪುರದ ಗೇಟಿನವರೆಗೆ ಹಾಡಿಕೊಂಡು ತುಳಿದೆ.

ಕೆಲವು ದಿನಗಳಾದ ಮೇಲೆ ದಿಲ್ಲಿಯಿಂದ ಇಮೇಲ್ ಬಂತು. ಮೂರನೇ ಗೈರು. ನಮ್ಮ ಅಧಿಕಾರಿ ನೀವು ಹೇಳಿದ ವಿಳಾಸಕ್ಕೆ ಬಂದು, ಬಾಗಿಲ ಮುಂದೆ ಪೂರ್ತಿ ಒಂದು ಗಂಟೆ ಕಾದು, ಮತ್ತೆ ಮತ್ತೆ ತಟ್ಟಿದರೂ ಯಾರೂ ತೆಗೆಯಲಿಲ್ಲ. ನೀವು ಬೇರೆ ಊರಿಗೆ ಹೋಗಿದ್ದೀರೆಂದು ನೆರೆಯವರು ಹೇಳಿದರು. ಅಷ್ಟೇ ಅಲ್ಲ, ನೀವು ಸೈಕಲ್ಲನ್ನೇ ತುಳಿಯುವುದಿಲ್ಲವೆಂದೂ ಹೇಳಿದರು. ಎರಡು ವರ್ಷದ ನಿಷೇಧ ಯಾಕೆ ಹಾಕಬಾರದು ಎಂದು ತಿಳಿಸಿ.

ನಾನು ತಾರೀಕು ನೋಡಿದೆ. ಮತ್ತೆ ನೋಡಿದೆ. ಸಿಲ್ಕ್ ಸೀರೆಯ ದಿನ! ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೂಲೆಮನೆಗೆ ಓಡಿದೆ. ಅವ್ವ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಅವತ್ತು ಬಂದಿದ್ರಲ್ಲ ಅವ್ವ, ಯಾರು ಅಂದ್ರು?"

"ಅವ್ರೆಲ್ಲಿ ಯೋಳ್ತಾರೆ? ಖಾಸಗಿ ವಿಷ್ಯ, ಅವ್ಳ್ ತಾವೇ ಮಾತಾಡ್ಬೇಕು ಅಂದ್ರು. ಗಂಡಿನ್ ಕಡೆಯೋರು ಇನ್ನೆಂಗಂದಾರು? ಒಬ್ಬ ಕನ್ನಡಕದ ಅಯ್ಯ, ಒಬ್ಳು ಎಂಗ್ಸು. ಮರ್ಯಾದಸ್ಥರು ಕಣಮ್ಮಿ. ಆ ಎಂಗ್ಸು ಏನ್ ಚೊಕ್ಕಟವೋ, ಉಡುಗಿ ಮನೇಲಿ ಬಚ್ಲು ಬ್ಯಾರೆ ಅದಾ, ಬಾಗ್ಲು ಆಕ್ಬೋದಾ ಅಂತ ಕೇಳುದ್ಲು. ಅಂತ ಮನೆಗೆ ಓದ್ರೆ ಸುಖವಾಗಿರ್ತಿದ್ದೆ."

"ಕೈಲೇನಿತ್ತು?"

"ಒಂದ್ ಪೆಟ್ಗೆ. ತಣ್ಣಗಿತ್ತು, ನಾನೇ ಮುಟ್ ನೋಡ್ದೆ. ಸ್ವೀಟೇ ತಂದವ್ರೆ ಅನ್ಕಂಡೆ. ಕೊಡ್ಲೇ ಇಲ್ಲ, ಜುಗ್ಗರು."

ನಾನು ಜಗುಲಿಯ ಮೇಲೆ ಕುಸಿದೆ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮುಂಚಿತವಾಗಿ ಸುಳಿವು ಸಿಗಬಾರದೆಂದು ಪರೀಕ್ಷೆಯವರು ತಮ್ಮ ಕೆಲಸ ಏನೆಂದು ಯಾರಿಗೂ ಹೇಳುವಂತಿಲ್ಲ. ಹೆಣ್ಣು ವಿಚಾರಿಸುವವರೂ ಹೇಳುವುದಿಲ್ಲ. ದಿಲ್ಲಿಯಲ್ಲಿ ಕೂತು ನಿಯಮ ಬರೆದವರಿಗೆ ಇದು ಹೇಗೆ ಗೊತ್ತಾಗಬೇಕು?

ವಿಷಯ ಬಿಡಿಸಿ ಹೇಳಿದೆ. ಅವ್ವ ಬೀಜ ಬಿಡಿಸುವುದನ್ನು ನಿಲ್ಲಿಸಿದರು. "ನಿನ್ ಉಚ್ಚೆ ತಗಂಡ್ ಓಗಕೆ ಮೈಸೂರಿಂದ ಬಂದಿದ್ರಾ? ಅಯ್ಯೋ ನನ್ ಕರ್ಮವೇ. ಯಾಕ?"

"ಮದ್ದು ತಿಂದಿದ್ದೀನಾ ಅಂತ ನೋಡಕ್ಕೆ."

"ಮದ್ದು ಇನ್ನೊಬ್ರು ಅನ್ನದಲ್ಲಿ ಇಕ್ತಾರೆ ಕಣಮ್ಮಿ. ತಾವಾಗೇ ಯಾರ್ ತಿಂದಾರು?"

ತಿನ್ನುವವರಿದ್ದಾರೆ ಅವ್ವ. ನನಗೆ ಗೊತ್ತಿದ್ದ ದೊಡ್ಡ ನಗರದ ಸವಾರನೊಬ್ಬ ನಿಜವಾಗಿಯೂ ತಿಂದು ಸಿಕ್ಕಿಬಿದ್ದ. ಅವನ ವಕೀಲರು ಪುಡಿಯ ಡಬ್ಬದಲ್ಲೇ ದೋಷವಿತ್ತೆಂದು ತೋರಿಸಿ, ಶಿಕ್ಷೆಯನ್ನು ಕೆಲವೇ ತಿಂಗಳಿಗೆ ಇಳಿಸಿಕೊಂಡರು. ಅವನು ಆ ತಿಂಗಳುಗಳಲ್ಲಿ ಮದುವೆಯಾಗಿ, ಪ್ರವಾಸ ಮುಗಿಸಿ, ಬಣ್ಣ ಬಂದು ವಾಪಸ್ಸಾದ. ನನ್ನ ಮೂತ್ರದಲ್ಲಿ ಏನೂ ಸಿಕ್ಕಿರಲಿಲ್ಲ, ಯಾಕೆಂದರೆ ಆ ದಿನ ನನ್ನ ಮೂತ್ರವೇ ಅವರಿಗೆ ಸಿಕ್ಕಿರಲಿಲ್ಲ. ಅದಕ್ಕೆ ಎರಡು ವರ್ಷ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅನ್ನಿ, ಪರವಾಗಿಲ್ಲ, ಹೊಟ್ಟೆಕಿಚ್ಚೇ.

ಅಪ್ಪ ಚಾಮರಾಜನಗರದ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ಅವರದೆಲ್ಲ ಜಮೀನಿನ ಕೇಸು. ಮೊದಲ ಪ್ರಶ್ನೆಯೇ, "ಪಹಣಿ ತಂದಿದ್ದೀರಾ?" ಇದು ಸೈಕಲ್ಲಿನ ವಿಷಯ ಎಂದರೆ, "ಹಾಗಾದರೆ ಆರ್‌ಸಿ?" ಎಂದರು. ಆದರೂ ಒಳ್ಳೆಯ ಮನುಷ್ಯ. ನಿಯಮದ ಪುಸ್ತಕವನ್ನು ಹಗಲೆಲ್ಲ ಕೂತು ಓದಿ, ಕನ್ನಡಕ ತೆಗೆದು ಹೇಳಿದರು: "ನೋಡಮ್ಮ, ಇಲ್ಲಿ ತಪ್ಪಿಲ್ಲ ಅಂತ ನೀನೇ ತೋರಿಸಬೇಕು. ಅವರು ಏನೂ ತೋರಿಸಬೇಕಾಗಿಲ್ಲ, ಅವರ ಅಧಿಕಾರಿ ಬರೆದ ವರದಿಯೇ ಸಾಕು. ಒತ್ತುವರಿ ಕೇಸಿಗಿಂತ ಕಷ್ಟ." ನಾನು ಮನೆಯಲ್ಲೇ ಇದ್ದೆ, ನೆರೆಯವರು ತಪ್ಪು ತಿಳಿದು ಕಳಿಸಿಬಿಟ್ಟರು ಎಂದು ಆ ಅವ್ವನೇ ಬಂದು ಹೇಳಿದರೆ ಏನಾದರೂ ಆದೀತು ಎಂದರು.

ಅವ್ವ ಒಪ್ಪಲಿಲ್ಲ. "ನಾನ್ ಸುಳ್ಳು ಯೋಳ್ದೆ ಅಂತ ಕೋರ್ಟಲ್ಲಿ ಯೋಳದಾ? ನನ್ ಮಾತ್ ನಂಬಿ ಎಷ್ಟ್ ಎಣ್ಮಕ್ಳ ತಗಂಡ್ ಓಗವ್ರೆ! ಅವ್ರೆಲ್ಲ ತಿರಕ್ಕಂಡ್ ಬಂದ್ರೆ? ಇಂಗ್ ಒಂದ್ ಸಲ ಬಾಯ್ಬುಟ್ರೆ ಈ ಬೀದಿ ಎಣ್ಣುಗಳ್ನ ಇನ್ ಯಾರ್ ಕೇಳಾರು?"

ಅವರ ಭಯ ಸುಳ್ಳಲ್ಲ. ನನಗೆ ಅವರ ಮೇಲೆ ಕೋಪ ಉಕ್ಕಿತು, ಹೌದು. ನನ್ನ ಕಾಲು ಕಟ್ಟಿಹಾಕಿ ಬೀದಿಯ ಮಾನ ಉಳಿಸುತ್ತೀರಾ ಎಂದು ಕೂಗಿಯೂಬಿಟ್ಟೆ. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ, ಕಂಡಕ್ಟರ ದನಿಯಲ್ಲಿ ಮೆತ್ತಗೆ ಹೇಳಿದರು: "ಅವ್ವ, ಕೇಳೋರು ದಿಲ್ಲೀಲಿ ಕುಂತಿರ್ತಾರೆ. ನಮ್ ಕಡೆ ಬೀಗರು ಒಬ್ರೂ ಅಲ್ಲಿಲ್ಲ." "ದಿಲ್ಲಿಯೋರು ನಮ್ಮೂರ್ಗೆ ಎಣ್ಣು ಕೇಳ್ಕಂಡ್ ಬರಲ್ಲ ಅಲ್ವಾ?" ಎಂದು ಅವ್ವ ಖಾತ್ರಿ ಮಾಡಿಕೊಂಡು ಎದ್ದರು.

ವಿಚಾರಣೆ ವಕೀಲರ ಆಫೀಸಿನಲ್ಲಿ, ಕಂಪ್ಯೂಟರಿನ ಪರದೆಯಲ್ಲಿ. ಅವ್ವ ಮಗಳ ಮದುವೆಯ ಸೀರೆ ಉಟ್ಟು, ವಿಭೂತಿ ಇಟ್ಟು, ಅಪ್ಪನ ಬಸ್ಸಿನಲ್ಲೇ ಬಂದರು. ಪರದೆಯ ಮೇಲೆ ಮೂವರು ಕೂತಿದ್ದರು. ನಡುವಿನವರು ಒಬ್ಬ ನಿವೃತ್ತ ನ್ಯಾಯಾಧೀಶರು, ಅವರನ್ನು ನಾವು ದೊಡ್ಡವರು ಎನ್ನತೊಡಗಿದೆವು. ಇನ್ನೊಂದು ಚೌಕದಲ್ಲಿ ಕನ್ನಡಕದ ಆ ಅಧಿಕಾರಿ, ಮೈಸೂರಿನ ಯಾವುದೋ ಮನೆಯಿಂದ. ಅವ್ವ ಅವರನ್ನು ಕಂಡವರೇ ಕೈ ಬೀಸಿ, "ಚೆಂದಾಗಿದ್ದೀಯೇನಪ್ಪಾ?" ಎಂದರು. ಅವರು ತಲೆ ತಗ್ಗಿಸಿದರು. ಸಂಕೋಚ ಎಂದುಕೊಂಡೆ.

ವಕೀಲರು ಇಂಗ್ಲಿಷಿನಲ್ಲಿ ಹೇಳಿದರು, ಅವರು ಇಂಗ್ಲಿಷಿನಲ್ಲಿ ಕೇಳಿದರು, ವಕೀಲರೇ ನಮಗೆ ಕನ್ನಡದಲ್ಲಿ ತಿರುಗಿಸಿದರು. ಅವ್ವ ತಪ್ಪೊಪ್ಪಿಕೊಂಡರು: ನಾನೇ ಸುಳ್ಳು ಹೇಳಿದೆ, ಹುಡುಗಿ ಮನೇಲೇ ಇದ್ದಳು. ದೊಡ್ಡವರು ಕೇಳಿದರು: ಹುಡುಗಿ ಸೈಕಲ್ ತುಳಿಯುವುದಿಲ್ಲ ಎಂದೂ ಹೇಳಿದ್ದೀರಿ, ಅಂದು ಸುಳ್ಳು ಹೇಳಿದವರು ಇಂದು ನಿಜ ಹೇಳುತ್ತೀರೆಂದು ಹೇಗೆ ನಂಬುವುದು?

"ಅವತ್ತು ಮದ್ವೆ ಅನ್ಕಂಡೆ ಸ್ವಾಮಿ. ಇವತ್ತು ನೀವೇನ್ ಇವ್ಳ ಕಟ್ಕಂಡಿರಾ? ನಿಮ್ ತಾವ ಯಾಕ್ ಸುಳ್ಳು ಯೋಳನಿ?"

ವಕೀಲರು ಅದನ್ನು ಹೇಗೆ ತಿರುಗಿಸಿದರೋ, ಪರದೆಯ ಮೂವರಲ್ಲಿ ಒಬ್ಬರು ಕರವಸ್ತ್ರ ಬಾಯಿಗಿಟ್ಟುಕೊಂಡರು. ಆದರೆ ಕೇಸು ಮುಂದೆ ಹೋಗಲಿಲ್ಲ. ನೆರೆಯವರು ಏನು ಹೇಳಿದರು ಎಂಬುದು ಮುಖ್ಯವಲ್ಲ ಎಂದರು ದೊಡ್ಡವರು. ಅಧಿಕಾರಿ ಬಾಗಿಲು ತಟ್ಟಿದ್ದಾರೆ, ಕೇಳಿಸಿಕೊಂಡು ತೆಗೆಯಬೇಕಾದದ್ದು ಆಟಗಾರ್ತಿಯ ಹೊಣೆ. ನಾವು ಅಗುಳಿ ಹಾಕಿ ದೀಪ ಆರಿಸಿದ್ದು ನಿಜವೇ. ಅಮ್ಮ ಕೊಟ್ಟಿಗೆಯ ಕಡೆಗಿದ್ದಳು, ನಾನು ಒಳಕೋಣೆಯಲ್ಲಿದ್ದೆ, ತಟ್ಟಿದ್ದು ಕೇಳಿಸಲಿಲ್ಲ ಎಂದರೆ ಯಾರು ನಂಬುತ್ತಾರೆ? ನನಗೇ ಅನುಮಾನ ಬರತೊಡಗಿತ್ತು. ವಕೀಲರು ಮೇಜಿನ ಕೆಳಗೆ ಕೈ ಹೊಸಕುತ್ತಿದ್ದರು. ಹೋಯಿತು, ಎರಡು ವರ್ಷ ಹೋಯಿತು ಎಂದುಕೊಂಡೆ.

ದೊಡ್ಡವರು ಕೊನೆಯದಾಗಿ ವರದಿಯ ಒಂದು ಸಾಲು ಓದಿ ಅಧಿಕಾರಿಯನ್ನು ಮೆಚ್ಚಿದರು. ವಕೀಲರು ಯಾಂತ್ರಿಕವಾಗಿ ಅದನ್ನೂ ತಿರುಗಿಸಿದರು: "ಈ ಅಧಿಕಾರಿ ಅಪರಿಚಿತ ಊರಿನಲ್ಲಿ, ಒಂದು ಲೋಟ ನೀರೂ ಇಲ್ಲದೆ, ಇಡೀ ಗಂಟೆ ಆ ಬಾಗಿಲ ಮುಂದೆ ನಿಂತಿದ್ದರು ಅಂತಿದ್ದಾರೆ."

ಅವ್ವ ಕುರ್ಚಿಯಿಂದ ಎದ್ದೇಬಿಟ್ಟರು.

"ಏನಂದ್ರಿ? ನೀರಿಲ್ದೆ? ನಮ್ ಬೀದಿಗೆ ಬಂದೋನು ನೀರಿಲ್ದೆ ಓದ ಅಂತ ದಿಲ್ಲೀಲಿ ಬರ್ದಾಕವ್ರಾ?" ವಕೀಲರು ಕೂರಿ ಕೂರಿ ಎಂದರು. ಅವ್ವ ಅವರನ್ನು ಪಕ್ಕಕ್ಕೆ ತಳ್ಳಿ ಪರದೆಗೇ ಮುಖ ಕೊಟ್ಟರು. "ನನ್ ಜಗ್ಲಿ ಅತ್ತಿದೋರು ಒಣಬಾಯಲ್ಲಿ ಇಳ್ದಿದ್ದು ಈ ಜಲ್ಮದಲ್ಲಿಲ್ಲ! ಬಂದ ಗಳಿಗೇಲಿ ಕಾಪಿ ಕೊಟ್ಟೆ. ಆಮೇಲೆ ಶ್ಯಾವ್ಗೆ. ಕಾಯಾಲು ಉಯ್ಸ್ಕಂಡ್ ತಿಂದವ್ನೆ, ಆ ಯಮ್ಮನೂ ತಿಂದವ್ಳೆ. ನನ್ ರಟ್ಟೆ ನೋಯ್ತದೆ ಅಂದಿದ್ಕೆ, ಬುಡಿ ಅವ್ವ ನಾನ್ ಒತ್ತಿಕೊಡ್ತೀನಿ ಅಂತ ತೋಳ್ ಮಡ್ಚಿ ಅವ್ನೇ ಒತ್ತುದ! ಬಾಗ್ಲ ತಾವ ನಿಂತಿದ್ನಂತೆ! ಅವ್ನು ಎದ್ದು ಆ ಕಡೆ ಓಗ್ಬಾರ್ದು ಅಂತಾನೇ ನಾನು ಒಂದ್ ಒಬ್ಬೆ ಮುಗುದ್ ಮ್ಯಾಕೆ ಇನ್ನೊಂದ್ ಒಬ್ಬೆ ಇಟ್ಟಿದ್ದು!"

ನಾನು ವಕೀಲರನ್ನು ನೋಡಿದೆ. ವಕೀಲರು ನನ್ನನ್ನು ನೋಡಿದರು. ಜಮೀನಿನ ಕೇಸಿನಲ್ಲಿ ಕಳೆದುಹೋದ ಸರ್ವೆ ಕಲ್ಲು ಸಿಕ್ಕಿದವರ ಮುಖ ಅದು. ನಿಯಮದ ಪ್ರಕಾರ ಅಧಿಕಾರಿ ಆ ಗಂಟೆಯುದ್ದಕ್ಕೂ ಹೇಳಿದ ಜಾಗದಲ್ಲೇ ಇರಬೇಕು, ಇಲ್ಲದಿದ್ದರೆ ಗೈರು ಗೈರೇ ಅಲ್ಲ. ಅವ್ವನ ಅಡುಗೆಮನೆಯಲ್ಲಿ ಶ್ಯಾವಿಗೆ ತಿಂದ ವಿಷಯ ನಮಗೆ ಯಾರಿಗೂ ಹೊಸದಲ್ಲ. ನಮ್ಮ ಬೀದಿಗೆ ಬಂದವರು ತಿನ್ನುವುದು ಉಸಿರಾಡಿದಷ್ಟೇ ಸಹಜವಾದ್ದರಿಂದ, ಅದೂ ಒಂದು ಸಾಕ್ಷಿ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ವಕೀಲರು ತೊದಲುತ್ತಾ ಇಂಗ್ಲಿಷಿನಲ್ಲಿ ಹೇಳಿದರು. ಒತ್ತು ಶ್ಯಾವಿಗೆ ಎಂದರೇನು ಎಂದು ಕೇಳಿದರು ದೊಡ್ಡವರು. ಅವಸರದಲ್ಲಿ ವಕೀಲರ ಬಾಯಿಗೆ ನೂಡಲ್ಸ್ ಎಂಬುದೇ ಬಂತು. ದೊಡ್ಡವರು ಕನ್ನಡಕ ತೆಗೆದು, ಪರೀಕ್ಷೆಯ ಹೊತ್ತಿನಲ್ಲಿ ನಮ್ಮ ಅಧಿಕಾರಿ ನೂಡಲ್ಸ್ ತಯಾರಿಸುತ್ತಿದ್ದರೇ ಎಂದು ನಿಧಾನವಾಗಿ ಕೇಳಿದರು.

ಯಾರೂ ನಗಲಿಲ್ಲ. ಎಲ್ಲರೂ ಆ ಚೌಕದ ಕಡೆ ನೋಡಿದೆವು. ಒಂದು 'ಇಲ್ಲ' ಅಂದಿದ್ದರೆ ಸಾಕಿತ್ತು ಅವರಿಗೆ. ಮುದುಕಿ ತಾನು ಸುಳ್ಳುಗಾತಿ ಎಂದು ಆಗಲೇ ಒಪ್ಪಿಕೊಂಡಿದ್ದಳು. ಅವರದು ಸಹಿ ಹಾಕಿದ ವರದಿ.

"ಏನಪ್ಪಾ," ಎಂದರು ಅವ್ವ, ದನಿ ಇಳಿಸಿ, "ನನ್ ಮನೇಲಿ ತಿಂದಿಲ್ವಾ ನೀನು?"

ಅವರು ಕನ್ನಡಕ ಸರಿಮಾಡಿಕೊಂಡರು. "ತಿಂದೆ ಅವ್ವ," ಎಂದರು ಕನ್ನಡದಲ್ಲೇ. "ಎರಡು ಸಲ ಹಾಕಿಸಿಕೊಂಡು ತಿಂದೆ." ಆಮೇಲೆ ದೊಡ್ಡವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು. ಹುಡುಗಿ ಊರಲ್ಲಿಲ್ಲ ಎಂದು ನಂಬಿದ್ದು, ಕೂತದ್ದು, ಹೊರಡುವಾಗ ದೂರದಿಂದಲೇ ಒಂದು ಸಲ ಮುಚ್ಚಿದ ಬಾಗಿಲು ನೋಡಿ ಹೋದದ್ದು, ವರದಿಯನ್ನು ಎಲ್ಲರೂ ಬರೆಯುವ ಹಾಗೆಯೇ ಬರೆದದ್ದು.

ಮೂರನೇ ಗೈರು ಹೊಡೆದು ಹಾಕಿದರು. ನಾನು ಟ್ರಯಲ್ಸಿಗೆ ಹೋದೆ, ಶಿಬಿರಕ್ಕೂ ಆಯ್ಕೆಯಾದೆ. ಬೀದಿಯವರು ಸಿಹಿ ಹಂಚಿದರು. ಚಡ್ಡಿಯಲ್ಲಿ ಹೋದರೂ ಗಂಡಸರು ಕೆಲವು ದಿನ ಆಕಾಶ ನೋಡುವುದನ್ನು ಮರೆತರು. ಅಪ್ಪ ಬಸ್ಸಿನಲ್ಲಿ ಕಂಡಕಂಡವರಿಗೆಲ್ಲ ನೂಡಲ್ಸ್ ಕಥೆ ಹೇಳಿ, ನಗಿಸಿ, ಚಿಲ್ಲರೆ ಕೊಡುವುದನ್ನೇ ಮರೆತು ಬೈಸಿಕೊಂಡರು.

ಮುಂದಿನ ಸಲ ಪರೀಕ್ಷೆಗೆ ಬೇರೆ ಅಧಿಕಾರಿ ಬಂದರು. ಜೊತೆಗಿದ್ದ ಹೆಂಗಸು ಮಾತ್ರ ಅದೇ. ಬಚ್ಚಲಲ್ಲಿ ನಾನು ಕೈಯಲ್ಲಿ ಡಬ್ಬಿ ಹಿಡಿದು ಕೂತಿರುವಾಗ, ಎದುರಿಗೆ ನಿಂತು, ಮಾತಾಡಬಾರದೆಂಬ ನಿಯಮವನ್ನೂ ಮೀರಿ ಮೆಲ್ಲಗೆ ಹೇಳಿದರು: "ಅವರನ್ನ ತೆಗೆದುಬಿಟ್ಟರು. ಇನ್ನು ಯಾವ ಆಟದ ಪರೀಕ್ಷೆಗೂ ಕರೆಯಲ್ಲ. ಹನ್ನೆರಡು ವರ್ಷದಿಂದ ಮಾಡ್ತಿದ್ರು." ನನಗೆ ಆ ಹೊತ್ತು ಮೂತ್ರವೇ ಬರಲಿಲ್ಲ. ಬಹಳ ಹೊತ್ತು ಕಾಯಬೇಕಾಯಿತು.

ಸಂಜೆ ಮೂಲೆಮನೆಗೆ ಹೋಗಿ ಹೇಳಿದೆ. ಅವ್ವ ಮೊರ ಕೆಳಗಿಟ್ಟರು.

"ಯಾಕ್ ತೆಗುದ್ರು?"

"ವರದೀಲಿ ಸುಳ್ಳು ಬರೆದಿದ್ರಲ್ಲ ಅವ್ವ."

"ನಾನೂ ಸುಳ್ಳು ಯೋಳಿದ್ದೆ. ನಂಗೇನೂ ಮಾಡ್ನಿಲ್ವಲ್ಲ. ನಿಂಗೆ ಎಷ್ಟ್ ಕಿತ ಮಾಪಿ ಅದೆ?"

"ಎರಡು. ಮೂರನೇದಕ್ಕೆ ಹೊರಗೆ."

"ಅವ್ನಿಗೆ?"

"ಒಂದೂ ಇಲ್ಲ."

ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ಇದ್ಯಾವ ಸೀಮೆ ನ್ಯಾಯ? ಆ ವಕೀಲಂಗೆ ಫೋನ್ ಮಾಡು. ಇನ್ನೊಂದ್ ಕಿತ ಆ ಟೀವಿ ಆಕ್ಸು. ಅವ್ನು ತಿಂದೇ ಇಲ್ಲ, ಬಾಗ್ಲಲ್ಲೇ ನಿಂತಿದ್ದ, ಈ ಮುದ್ಕಿಗೆ ಮರೆವು ಅಂತ ಯೋಳ್ತೀನಿ."

"ಅಂಗಂದ್ರೆ ನಾನು ಎರಡು ವರ್ಷ ಮನೇಲಿ ಕೂರ್ಬೇಕು ಅವ್ವ."

ಅವ್ವ ನನ್ನ ಕಾಲುಗಳನ್ನು ನೋಡಿದರು. ಬೀದಿಯ ಹೆಣ್ಣುಮಕ್ಕಳನ್ನೆಲ್ಲ ದಡ ಮುಟ್ಟಿಸಿದ ಆ ತಲೆ ಏನೇನೋ ಹುಡುಕುತ್ತಿತ್ತು, ಹುಬ್ಬು ಗಂಟಾಗಿ ಸಡಿಲವಾಗಿ ಮತ್ತೆ ಗಂಟಾಯಿತು. ಕೊನೆಗೆ ನನ್ನ ಕೈ ಹಿಡಿದು ಕೇಳಿದರು:

"ಇಬ್ರೂ ಉಳ್ಕೊಳಂತ ಸುಳ್ಳು ಒಂದೂ ಇಲ್ವೇನಮ್ಮಿ?"